ಹಳೆ ಸ್ಪೋರ್ಟ್ ಬೈಕಿಗೆ ಸಿಸಿ ಏರಿಸುವುದು: ಕೊಡಗಿನ ಏರಿಗೆ ಯಾವ ದಾರಿ ಒಳ್ಳೆಯದು?

ಕೆಎ-12 ನಂಬರಿನ ಹಳೆ ಕರಿಜ್ಮಾ, ಪಲ್ಸರ್ 180, ಮೊದಲ ತಲೆಮಾರಿನ ಆರ್15, ಸಿಬಿಆರ್ 250ಆರ್ ಗಾಡಿಗಳು ಇವತ್ತಿಗೂ ಕೊಡಗಿನ ರಸ್ತೆಗಳಲ್ಲಿ ಕಾಣಸಿಗುತ್ತವೆ. ಪಲ್ಸರ್ ಬಂದದ್ದು 2001ರಲ್ಲಿ, ಕರಿಜ್ಮಾ 2003ರಲ್ಲಿ, ಆರ್15 2008ರಲ್ಲಿ, ಸಿಬಿಆರ್ 250ಆರ್ 2011ರಲ್ಲಿ. ವಯಸ್ಸಾಗಿದೆ, ಆದರೂ ಮಾಲೀಕರಿಗೆ ಮಾರಲು ಮನಸ್ಸಿಲ್ಲ. ಇಂಥವರಲ್ಲಿ ಎರಡು ಬಗೆ. ಹಿಂದೆ ಒಬ್ಬರು ಕೂತರೆ ಸಂಪಾಜೆ ಘಾಟಿ ಹತ್ತಲು ಗಾಡಿ ತಿಣುಕುತ್ತದೆ ಅನ್ನುವವರು ಒಂದು ಬಗೆ. ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸಿಗೆ) ಗಾಡಿ ರೆಡಿ ಮಾಡಬೇಕು ಅನ್ನುವವರು ಇನ್ನೊಂದು ಬಗೆ. ಇಬ್ಬರೂ ಮೆಕ್ಯಾನಿಕ್ ಹತ್ತಿರ ಕೇಳುವುದು ಒಂದೇ ಮಾತು: "ಬ್ಲಾಕ್ ದೊಡ್ಡದು ಮಾಡಿಸಿದ್ರೆ ಹೇಗೆ?" ಬ್ಲಾಕ್ ಅಂದರೆ ಪಿಸ್ಟನ್ ಓಡುವ ಸಿಲಿಂಡರ್, ಅದು ದೊಡ್ಡದಾದರೆ ಎಂಜಿನ್ನಿನ ಸಿಸಿ ಏರುತ್ತದೆ.

ಇಬ್ಬರಿಗೂ ಒಂದೇ ಉತ್ತರ ಹೊಂದುವುದಿಲ್ಲ. ದಾರಿಗಳು ಆರೇಳು ಇವೆ. ಯಾವುದರಲ್ಲಿ ಎಷ್ಟು ಲಾಭ, ಬದಲಿಗೆ ಏನು ಹೋಗುತ್ತದೆ ಎಂದು ತೂಗಿ ನೋಡಬೇಕು. ಟಾಪ್ ಸ್ಪೀಡನ್ನು ನಾನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ರಸ್ತೆಗಳಲ್ಲಿ ಅದನ್ನು ಮುಟ್ಟುವ ಜಾಗ ಎಲ್ಲಿದೆ? ಏರಿನಲ್ಲಿ, ತಿರುವಿನಿಂದ ಎದ್ದು ಬರುವಾಗ, ಹಿಂದಿನ ಚಕ್ರಕ್ಕೆ ಎಷ್ಟು ಪುಲ್ಲಿಂಗ್ ಸಿಗುತ್ತದೆ ಅನ್ನುವುದೇ ಇಲ್ಲಿನ ಅಳತೆ.

ಎತ್ತರ ಕಸಿಯುವ ಸಿಸಿ

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ. 10ರಿಂದ 11ರಷ್ಟು ಕಮ್ಮಿ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಮ್ಮಿಯಾದರೆ ಪವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಮಂಗಳೂರಿನಲ್ಲಿ 150 ಸಿಸಿ ಅನ್ನಿಸುವ ಗಾಡಿ ಮಡಿಕೇರಿಯಲ್ಲಿ 134 ಸಿಸಿಯ ಹಾಗೆ ಎಳೆಯುತ್ತದೆ. ಕೆಳಗಿನಿಂದ ಬಂದ ಗೆಳೆಯರು "ಗಾಡಿಗೆ ಏನೋ ಆಗಿದೆ" ಅನ್ನುವುದು ಇದಕ್ಕೇ. ಗಾಡಿಗೆ ಏನೂ ಆಗಿರುವುದಿಲ್ಲ.

ಕಾರ್ಬುರೇಟರ್ ಗಾಡಿಗೆ ಇನ್ನೊಂದು ಗೊಡವೆ ಇದೆ. ಎತ್ತರದಲ್ಲಿ ಗಾಳಿ ತೆಳುವಾದರೂ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ತೂತಿನಿಂದ) ಬರುವ ಪೆಟ್ರೋಲ್ ಆ ಪ್ರಮಾಣದಲ್ಲಿ ಕಮ್ಮಿಯಾಗುವುದಿಲ್ಲ, ಹಾಗಾಗಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಈಗ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. ಎಥನಾಲ್ ಸುಡಲು ಕಮ್ಮಿ ಗಾಳಿ ಸಾಕು, ಅದೇ ಜೆಟ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಮಡಿಕೇರಿಯಲ್ಲಿ ಇವೆರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸುತ್ತವೆ. ಅದೇ ಗಾಡಿ ಸುಳ್ಯಕ್ಕೆ ಇಳಿದಾಗ ಲೀನ್ ಆಗಿ ಬಿಸಿ ಏರಿಸಿಕೊಳ್ಳುತ್ತದೆ. ಸಿಸಿ ಏರಿಸಿದ ಎಂಜಿನ್ನಿಗೆ ಇದು ಬಹಳ ಮುಖ್ಯ. ಘಾಟಿಯ ಮೇಲೆ ಮಾತ್ರ ಟ್ಯೂನ್ ಮಾಡಿಸಿ, ಸೀದಾ ಕೆಳಗೆ ಹೋಗಿ ಫುಲ್ ಥ್ರಾಟಲ್ ಕೊಟ್ಟರೆ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ ಅಪಾಯ ಇದೆ.

ಮೊದಲು ಕಂಪ್ರೆಷನ್ ನೋಡಿಸಿ

ಐವತ್ತು, ಅರವತ್ತು ಸಾವಿರ ಕಿಲೋಮೀಟರ್ ಓಡಿದ ಎಂಜಿನ್ನಿಗೆ ಪುಲ್ಲಿಂಗ್ ಇಲ್ಲ ಅಂದರೆ ಸಿಸಿ ಸಾಲದು ಅಂತ ಅಲ್ಲ. ರಿಂಗ್ ಸವೆದಿರುತ್ತದೆ, ವಾಲ್ವ್ ಸರಿಯಾಗಿ ಕೂರುತ್ತಿರುವುದಿಲ್ಲ, ಕ್ಲಚ್ ಪ್ಲೇಟ್ ಜಾರುತ್ತಿರುತ್ತದೆ. ಇಂಥ ಗಾಡಿಗೆ ದೊಡ್ಡ ಬ್ಲಾಕ್ ಹಾಕಿ "ಹೆಂಗಿದೆ ನೋಡಿ ಪಿಕಪ್!" ಅನ್ನುವವರನ್ನು ಬಹಳ ನೋಡಿದ್ದೇನೆ. ಅವರಿಗೆ ಸಿಕ್ಕಿದ್ದರಲ್ಲಿ ಅರ್ಧ ಹೊಸ ರಿಂಗಿನದು.

ಸಿಲಿಂಡರಿನಲ್ಲಿ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ಅಳೆಯುವ ಕಂಪ್ರೆಷನ್ ಟೆಸ್ಟ್ ದೊಡ್ಡ ಕೆಲಸವೇನಲ್ಲ. ಎಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಿ, ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ಒತ್ತಬೇಕು. ರೀಡಿಂಗ್ ಕಮ್ಮಿ ಬಂದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ರೀಡಿಂಗ್ ಏರಿದರೆ ತೊಂದರೆ ಪಿಸ್ಟನ್ ರಿಂಗ್ ಅಥವಾ ಬೋರ್‌ನಲ್ಲಿದೆ (ಸಿಲಿಂಡರಿನ ಒಳಗೋಡೆಯಲ್ಲಿದೆ). ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ನಮ್ಮ ಊರಿನವರು ಇಲ್ಲಿ ಒಂದು ವಿಷಯ ನೆನಪಿಡಬೇಕು. ಗೇಜಿನ ರೀಡಿಂಗ್ ಕೂಡ ಗಾಳಿಯ ಒತ್ತಡದ ಮೇಲೆ ನಿಂತಿದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಂಕಿ ಸಮುದ್ರಮಟ್ಟದ್ದಾದರೆ ಮಡಿಕೇರಿಯಲ್ಲಿ ಚೆನ್ನಾಗಿರುವ ಎಂಜಿನ್ನೂ ಶೇ. 12ರಷ್ಟು ಕಮ್ಮಿ ತೋರಿಸುತ್ತದೆ. ಅದನ್ನು ನೋಡಿ ಸುಮ್ನೆ ಬೋರ್ ಮಾಡಿಸಬೇಡಿ.

ರಿಂಗ್ ಬದಲು, ವಾಲ್ವ್ ಲ್ಯಾಪಿಂಗ್, ಟ್ಯಾಪೆಟ್ ಹೊಂದಿಸುವುದು, ಕಾರ್ಬುರೇಟರ್ ಕ್ಲೀನ್, ಏರ್ ಫಿಲ್ಟರ್, ಕ್ಲಚ್ ಪ್ಲೇಟ್. ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ ಮಾತ್ರ ಮುಂದಿನ ಆಯ್ಕೆಗೆ ಹೋಗಿ.

ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಮ್ಮಿ

ಇದು ಸಿಸಿ ಏರಿಸುವ ದಾರಿಯೇ ಅಲ್ಲ. ಆದರೆ ಹೋಲಿಕೆಯಲ್ಲಿ ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಸ್ಪ್ರಾಕೆಟ್ ಅಂದರೆ ಚೈನ್ ಓಡುವ ಹಲ್ಲಿನ ಚಕ್ರ. ಮುಂದೆ 15 ಹಲ್ಲಿನದು ಇದ್ದರೆ ಅದನ್ನು 14 ಮಾಡಿ ನೋಡಿ. ಪ್ರತಿ ಗೇರಿನಲ್ಲೂ ಹಿಂದಿನ ಚಕ್ರದ ಪುಲ್ಲಿಂಗ್ ಶೇ. 7 ಜಾಸ್ತಿಯಾಗುತ್ತದೆ. 150 ಸಿಸಿ ಎಂಜಿನ್ನನ್ನು 160 ಮಾಡಿದರೆ ಏರಿನಲ್ಲಿ ಸಿಗುವುದೂ ಹತ್ತಿರ ಹತ್ತಿರ ಇಷ್ಟೇ. ಒಂದು ಚಿಕ್ಕ ಸ್ಪ್ರಾಕೆಟ್ಟಿನ ದುಡ್ಡು, ಅರ್ಧ ಗಂಟೆ ಕೆಲಸ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟಬೇಕಿಲ್ಲ, ಆರ್‌ಸಿಯಲ್ಲಿರುವ ಯಾವ ವಿವರವೂ ಬದಲಾಗುವುದಿಲ್ಲ.

ನಷ್ಟವೂ ಇದೆ. ಅದೇ ವೇಗಕ್ಕೆ ಎಂಜಿನ್ ಶೇ. 7 ಜಾಸ್ತಿ ಸುತ್ತುತ್ತದೆ. 6,000 ಆರ್‌ಪಿಎಂನಲ್ಲಿ ಆರಾಮಾಗಿ ಓಡುತ್ತಿದ್ದ ಕಡೆ ಈಗ 6,400 ದಾಟುತ್ತದೆ. ವಾರಕ್ಕೊಮ್ಮೆ ಮೈಸೂರಿಗೆ ಹೋಗಿಬರುವವರಿಗೆ ಹುಣಸೂರು ದಾಟಿದ ಮೇಲೆ ಇದು ಕಿರಿಕಿರಿಯೇ. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದರೆ ಚೈನ್ ಇನ್ನೂ ಬಿಗಿಯಾಗಿ ಬಾಗಬೇಕು, ಹಾಗಾಗಿ ಸವೆತ ಜಾಸ್ತಿ. ಬೇಡ ಅಂದರೆ ಹಿಂದಿನದನ್ನು ದೊಡ್ಡದು ಮಾಡಬಹುದು. 42 ಇದ್ದದ್ದನ್ನು 45 ಮಾಡಿದರೂ ಲೆಕ್ಕ ಅದೇ ಶೇ. 7, ಆದರೆ ಚೈನ್ ಉದ್ದ ಸಾಲದೇ ಹೋಗಬಹುದು. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಓಡುವ ಗಾಡಿಯಲ್ಲಿ ರೀಡಿಂಗ್ ಬದಲಾಗುವುದಿಲ್ಲ. ಗೇರ್‌ಬಾಕ್ಸಿನ ಸೆನ್ಸರಿನಿಂದ ಓಡುವುದರಲ್ಲಿ ಇರುವುದಕ್ಕಿಂತ ಜಾಸ್ತಿ ವೇಗ ತೋರಿಸುತ್ತದೆ.

ನಾಪೋಕ್ಲು, ಕಕ್ಕಬ್ಬೆ, ಭಾಗಮಂಡಲ ಕಡೆಯಲ್ಲೇ ಓಡಾಡುವ ಗಾಡಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಓವರ್‌ಸೈಜ್ ಬೋರ್

ಲೇತಿನವರು "ಬೋರ್ ಮಾಡಿ ಪಿಸ್ಟನ್ ಕಿಟ್ ಹಾಕೋಣ" ಅಂದರೆ ಸಾಮಾನ್ಯವಾಗಿ ಇದೇ. ಸವೆದ ಬೋರನ್ನು 0.25, 0.50, 0.75 ಅಥವಾ 1.00 ಮಿಲಿಮೀಟರ್ ದೊಡ್ಡದು ಮಾಡಿ ಅದೇ ಅಳತೆಯ ಪಿಸ್ಟನ್ ಕೂರಿಸುತ್ತಾರೆ. ಸಿಸಿ ಎಷ್ಟು ಏರುತ್ತದೆ? ಲೆಕ್ಕ ಸುಲಭ. ಬೋರ್ ಅಂದರೆ ಸಿಲಿಂಡರಿನ ಒಳ ಅಗಲ, ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ. ಬೋರನ್ನು ಬೋರ್‌ನಿಂದಲೇ ಗುಣಿಸಿ, ಅದನ್ನು ಸ್ಟ್ರೋಕ್‌ನಿಂದ ಗುಣಿಸಿ, ಮತ್ತೆ 0.7854ರಿಂದ ಗುಣಿಸಿ. ಎಲ್ಲವೂ ಮಿಲಿಮೀಟರಿನಲ್ಲಿದ್ದರೆ ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಸಿಸಿ. ಪಲ್ಸರ್ 180ರ ಬೋರ್ 63.5, ಸ್ಟ್ರೋಕ್ 56.4. ಅದು 178.6 ಸಿಸಿ. ಪೂರ್ತಿ ಒಂದು ಮಿಲಿಮೀಟರ್ ಏರಿಸಿ 64.5 ಮಾಡಿದರೆ 184.3. ಕರಿಜ್ಮಾ 65.5 ಬೋರ್, 66.2 ಸ್ಟ್ರೋಕ್, 223 ಸಿಸಿ. ಒಂದು ಮಿಲಿಮೀಟರ್ ಏರಿಸಿದರೆ 230. ಎರಡರಲ್ಲೂ ಲಾಭ ಶೇ. 3ರ ಆಸುಪಾಸು. ಸ್ಪ್ರಾಕೆಟ್ಟಿನ ಅರ್ಧವೂ ಇಲ್ಲ.

ಹಾಗಾಗಿ ಇದನ್ನು ರಿಪೇರಿ ಅಂತಲೇ ನೋಡಿ. ಸವೆತ ಇದ್ದರೆ ಮಾಡಿಸಲೇಬೇಕು, ಇಲ್ಲದಿದ್ದರೆ ಬೇಡ. ಒಂದೇ ಸಲ 1.00ಕ್ಕೆ ಹಾರುವುದೂ ಜಾಣತನ ಅಲ್ಲ. 0.25ರಲ್ಲಿ ಸವೆತ ಹೋಗುವುದಾದರೆ ಅಷ್ಟೇ ತೆಗೆಸಿ. ಮುಂದೆ ಇನ್ನೂ ಮೂರು ಸಲ ಅವಕಾಶ ಉಳಿಯುತ್ತದೆ. ಹಳೆ ಗಾಡಿಗೆ ಕಂಪನಿ ಬ್ಲಾಕ್ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಆರ್15 ಇಟ್ಟುಕೊಂಡವರಿಗೆ ಈ ದಾರಿಯೇ ಇಲ್ಲ. ಯಮಹಾದ ಡಯಾಸಿಲ್ ಸಿಲಿಂಡರ್ ಸಿಲಿಕಾನ್ ಬೆರೆತ ಅಲ್ಯೂಮಿನಿಯಂನದು, ಒಳಗೆ ಎರಕದ ಕಬ್ಬಿಣದ ಲೈನರ್ (ಕೊಳವೆ) ಇಲ್ಲ. ಮಾಮೂಲಿ ಬ್ಲಾಕಿನ ಹಾಗೆ ಬೋರ್ ಮಾಡಿ ಹೋನಿಂಗ್ (ಕಲ್ಲಿನಲ್ಲಿ ಉಜ್ಜುವುದು) ಹೊಡೆದರೆ ಅದರ ಗಟ್ಟಿ ಮೇಲ್ಮೈ ಹಾಳಾಗುತ್ತದೆ. ಹೊಸ ಸಿಲಿಂಡರ್ ತರಬೇಕು, ಇಲ್ಲವೇ ಲೈನರ್ ಕೂರಿಸಬೇಕು. "ಏನಾಗಲ್ಲ, ನಾನು ಮಾಡಿಕೊಡ್ತೀನಿ" ಅನ್ನುವ ಲೇತಿನಿಂದ ದೂರ ಇರಿ.

ದೊಡ್ಡ ಬ್ಲಾಕ್

ಸಿಸಿ ಏರಿಸುವುದು ಅಂತ ಹುಡುಗರು ಹೇಳುವುದು ಇದನ್ನೇ. ಬೋರ್ ಒಂದೇ ಸಲ ನಾಲ್ಕೈದು ಮಿಲಿಮೀಟರ್ ಏರುತ್ತದೆ. ಬೋರ್ ಲೆಕ್ಕದಲ್ಲಿ ಎರಡು ಸಲ ಗುಣಿಸಲ್ಪಡುವುದರಿಂದ ಲಾಭ ಬೇಗ ಬೆಳೆಯುತ್ತದೆ. ಪಲ್ಸರನ್ನೇ ನೋಡಿ. ಮೊದಲಿನ 150ರ ಬೋರ್ 57, ಸಿಸಿ 143.9. 180ರ ಬೋರ್ 63.5. ಎರಡಕ್ಕೂ ಸ್ಟ್ರೋಕ್ ಒಂದೇ, 56.4. ಅಂದರೆ ಬೋರ್ ಒಂದರಿಂದಲೇ ಕಂಪನಿ ಶೇ. 24 ಸಿಸಿ ಏರಿಸಿತು.

ಆರ್15ರಲ್ಲಿ ಬೋರ್ 57, ಸ್ಟ್ರೋಕ್ 58.7, ಸಿಸಿ 149.8. ಇದಕ್ಕೆ 62 ಮಿಲಿಮೀಟರಿನ ಬ್ಲಾಕ್ ಹಾಕಿದರೆ 177 ಸಿಸಿ. ಶೇ. 18 ಜಾಸ್ತಿ. ಮಡಿಕೇರಿಯ ಎತ್ತರ ಕಸಿದುಕೊಂಡದ್ದು ವಾಪಸ್ ಬಂದು ಇನ್ನಷ್ಟು ಉಳಿಯುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಬ್ಲಾಕ್ ಬದಲಾದರೆ ಅದರ ಸುತ್ತಲಿನದೆಲ್ಲ ಅಲುಗುತ್ತದೆ.

ಮೊದಲನೆಯದು ಕಂಪ್ರೆಷನ್ ರೇಷಿಯೊ, ಅಂದರೆ ಒಳಗೆ ಬಂದ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು. ಆರ್15ರದು 10.4. ಆ ಲೆಕ್ಕದಲ್ಲಿ ಹೆಡ್ಡಿನೊಳಗೆ, ಪಿಸ್ಟನ್ ತುದಿಯಲ್ಲಿರುವಾಗ ಉಳಿಯುವ ಜಾಗ ಸುಮಾರು 16 ಸಿಸಿ. ಹೆಡ್ ಹಾಗೇ ಇಟ್ಟು, ಚಪ್ಪಟೆ ತಲೆಯ ಪಿಸ್ಟನ್ನಿನಿಂದ 177 ಸಿಸಿಯನ್ನು ಅದೇ ಜಾಗಕ್ಕೆ ಒತ್ತಿದರೆ ರೇಷಿಯೊ 12 ದಾಟುತ್ತದೆ. ಏರಿನಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ಥ್ರಾಟಲ್ ಕೊಟ್ಟಾಗ ನಾಕಿಂಗ್ ಶುರುವಾಗುವುದು ಇಂಥ ಎಂಜಿನ್ನಿನಲ್ಲೇ. ನಾಕಿಂಗ್ ಅಂದರೆ ಬರೀ ಕಟಕಟ ಸದ್ದಲ್ಲ, ಪಿಸ್ಟನ್ ತಲೆಯನ್ನು ತೂತು ಮಾಡುವ ಸದ್ದು. ಕೆಲವರು ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ಪ್ಯಾಕಿಂಗ್ ಹಾಕಿ ಬ್ಲಾಕ್ ಎತ್ತುತ್ತಾರೆ. ರೇಷಿಯೊ 11ರ ಹತ್ತಿರಕ್ಕೆ ಇಳಿಯುತ್ತದೆ ನಿಜ. ಆದರೆ ಪಿಸ್ಟನ್ನಿಗೂ ಹೆಡ್ಡಿನ ಅಂಚಿಗೂ ನಡುವಿನ ಸಂದು ದೊಡ್ಡದಾಗಿ ಉರಿಯುವಿಕೆ ಕೆಡುತ್ತದೆ, ಕ್ಯಾಮ್ ಟೈಮಿಂಗ್ ಕೂಡ ಸ್ವಲ್ಪ ಹಿಂದೆ ಬೀಳುತ್ತದೆ. ತಲೆಯಲ್ಲಿ ತಗ್ಗಿರುವ ಪಿಸ್ಟನ್ ಇರುವ ಕಿಟ್ಟೇ ಇದಕ್ಕಿಂತ ಒಳ್ಳೆಯ ದಾರಿ.

ಎರಡನೆಯದು ಪೆಟ್ರೋಲ್. ಆರ್15 ಫ್ಯುಯೆಲ್ ಇಂಜೆಕ್ಷನ್ ಗಾಡಿ. ಅದರ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) 150 ಸಿಸಿಗೆ ಬರೆದ ಲೆಕ್ಕದ ಪ್ರಕಾರ ಪೆಟ್ರೋಲ್ ಬಿಡುತ್ತದೆ. ಶೇ. 18 ಜಾಸ್ತಿ ಗಾಳಿ ಒಳಗೆ ಬಂದರೆ, ಅದರಲ್ಲೂ ಫುಲ್ ಥ್ರಾಟಲ್‌ನಲ್ಲಿ, ಮಿಶ್ರಣ ಲೀನ್ ಆಗುತ್ತದೆ. ಇಸಿಯು ರೀಮ್ಯಾಪ್ (ಆ ಲೆಕ್ಕ ತಿದ್ದುವುದು) ಅಥವಾ ದೊಡ್ಡ ಇಂಜೆಕ್ಟರ್ ಇಲ್ಲದೆ ದೊಡ್ಡ ಬ್ಲಾಕ್ ಹಾಕುವುದು ದುಡ್ಡು ಕೊಟ್ಟು ಎಂಜಿನ್ ಸುಟ್ಟಂತೆ. ಈ ಒಂದು ವಿಷಯದಲ್ಲಿ ಕರಿಜ್ಮಾ, ಪಲ್ಸರ್ 180ರಂಥ ಕಾರ್ಬುರೇಟರ್ ಗಾಡಿಗಳೇ ಮೇಲು. ಕೈಯಲ್ಲಿ ನಾಲ್ಕು ಸೈಜಿನ ಮೇನ್ ಜೆಟ್ ಇದ್ದರೆ, ಪ್ಲಗ್ಗಿನ ಬಣ್ಣ ನೋಡಿಕೊಂಡು ಊರಲ್ಲೇ ಹೊಂದಿಸಬಹುದು.

ಮೂರನೆಯದು ಬಿಸಿ. ಏರ್ ಕೂಲ್ಡ್ ಎಂಜಿನ್ನಿಗೆ ತಣಿಯಲು ಎದುರುಗಾಳಿ ಬೇಕು. ಸೆಕೆಂಡ್ ಗೇರಿನಲ್ಲಿ ಟಿಪ್ಪರ್ ಹಿಂದೆ ಘಾಟಿ ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ಸಿಸಿ ಜಾಸ್ತಿಯಾದರೆ ಬಿಸಿಯೂ ಅಷ್ಟೇ ಜಾಸ್ತಿ, ಬ್ಲಾಕಿನ ರೆಕ್ಕೆಗಳು ಮಾತ್ರ ಮೊದಲಿನಷ್ಟೇ. ಬೋರ್ ದೊಡ್ಡದಾದಷ್ಟೂ ಲೈನರಿನ ಗೋಡೆ ತೆಳುವಾಗುತ್ತದೆ, ಹೆಡ್ ಗ್ಯಾಸ್ಕೆಟ್ ಕೂರುವ ಅಂಚು ಸಣ್ಣದಾಗುತ್ತದೆ. ಗ್ಯಾಸ್ಕೆಟ್ ಮೊದಲು ಹೋಗುವುದು ಬೋರ್‌ಗೂ ಟೈಮಿಂಗ್ ಚೈನ್ ಓಡುವ ಜಾಗಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ. ಇಂಥ ಎಂಜಿನ್ನಿಗೆ ಆಯಿಲ್ ಕೂಲರ್ ಇರಲೇಬೇಕು ಅನ್ನುವುದು ನನ್ನ ಮಾತು.

ಕ್ರ್ಯಾಂಕ್‌ಕೇಸಿನ (ಬ್ಲಾಕ್ ಕೂರುವ ಕೆಳಗಿನ ಪೆಟ್ಟಿಗೆಯ) ಬಾಯಿ ಇನ್ನೊಂದು. ಹೊಸ ಲೈನರ್ ಅದರೊಳಗೆ ಇಳಿಯಬೇಕಾದರೆ ಕೇಸನ್ನೇ ಕೊರೆಯಬೇಕಾಗಬಹುದು. ಕೊರೆದ ಮೇಲೆ ಹಿಂದಕ್ಕೆ ದಾರಿ ಇಲ್ಲ. ಮೇಲಾಗಿ ಪಿಸ್ಟನ್ ತೂಕ ಜಾಸ್ತಿಯಾದರೆ ಕಂಪನ ಹೆಚ್ಚುತ್ತದೆ, ಏಕೆಂದರೆ ಪಿಸ್ಟನ್ನಿನ ಓಟವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕ್ ತೂಗಿಸಿರುವುದು ಹಳೆ ಪಿಸ್ಟನ್ನಿಗೆ. ಕಿಟ್ ತರುವಾಗ ಹಳೆ ಪಿಸ್ಟನ್ ಮತ್ತು ಪಿನ್ ಒಟ್ಟಿಗೆ ತಕ್ಕಡಿಗೆ ಹಾಕಿ, ಹೊಸದನ್ನೂ ಹಾಕಿ ನೋಡಿ. ವ್ಯತ್ಯಾಸ ಕೆಲವೇ ಗ್ರಾಂ ಇದ್ದರೆ ಪರವಾಗಿಲ್ಲ.

ಇಷ್ಟೆಲ್ಲ ಮಾಡಿದರೆ ಸಿಗುವ ಎಂಜಿನ್ನಿನ ಸ್ವಭಾವ ಏರಿಗೆ ಹೇಳಿ ಮಾಡಿಸಿದಂಥದ್ದು ಅನ್ನುವುದೂ ನಿಜ. ಹೆಡ್, ವಾಲ್ವ್, ಕ್ಯಾಮ್ ಹಳೆಯವೇ ಆದ್ದರಿಂದ ಮೇಲಿನ ಆರ್‌ಪಿಎಂನಲ್ಲಿ ಉಸಿರಾಡಲು ಜಾಗ ಸಾಲದು. ಲಾಭವೆಲ್ಲ ಕೆಳಗೆ, ನಡುವೆ ಕಾಣುತ್ತದೆ. ಟಾಪ್ ಎಂಡ್ ಬೇಕು ಅನ್ನುವವರಿಗೆ ಇದು ನಿರಾಸೆ. ಯಮಹಾ ತಾನೇ ಏನು ಮಾಡಿತು ನೋಡಿ. ಆರ್15ರ ಮೂರನೇ ತಲೆಮಾರಿನಲ್ಲಿ ಬೋರ್ ಏರಿದ್ದು ಒಂದೇ ಮಿಲಿಮೀಟರ್, ಸಿಸಿ 155. ಪವರ್ ಮಾತ್ರ 17ರಿಂದ 19.3 ಪಿಎಸ್‌ಗೆ ಹೋಯಿತು. ಆ ಲಾಭದಲ್ಲಿ ಹೆಚ್ಚಿನದು ಬಂದದ್ದು ವಾಲ್ವ್ ಟೈಮಿಂಗ್ ಬದಲಿಸುವ ವಿವಿಎ, 11.6ರ ಕಂಪ್ರೆಷನ್, ಹೊಸ ಹೆಡ್ಡಿನಿಂದ.

ಸ್ಟ್ರೋಕ್ ಏರಿಸುವುದು

ಸ್ಟ್ರೋಕ್ ಉದ್ದ ಮಾಡಿದರೆ ಟಾರ್ಕ್ (ತಿರುಗಿಸುವ ಬಲ) ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಂಪನಿಗಳೂ ಮಾಡಿವೆ. ಸಿಬಿಆರ್ 250ಆರ್‌ನ ಬೋರ್ 76, ಸ್ಟ್ರೋಕ್ 55. ಹೋಂಡಾ ಬೋರ್ ಮುಟ್ಟದೆ ಸ್ಟ್ರೋಕ್ 63 ಮಾಡಿ 286 ಸಿಸಿಯ ಸಿಬಿಆರ್ 300ಆರ್ ಮಾಡಿತು. ಕವಾಸಾಕಿ ಕೂಡ ನಿಂಜಾ 250ಆರ್‌ನ 41.2ರ ಸ್ಟ್ರೋಕನ್ನು 49 ಮಾಡಿ ನಿಂಜಾ 300 ತಂದಿತು, ಬೋರ್ 62 ಹಾಗೇ ಇತ್ತು.

ಆದರೆ ಅವರು ಮಾಡಿದ್ದು ಹೊಸ ಕ್ರ್ಯಾಂಕನ್ನೇ ತಯಾರಿಸಿ. ನಾವು ಮಾಡಿಸುವುದು ಇರುವ ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಚ್ಚಿ, ಪಿನ್ನನ್ನು ನಡುವಿನಿಂದ ಆಚೆಗೆ ಸರಿಸಿ. ಪಿನ್ ಎರಡು ಮಿಲಿಮೀಟರ್ ಸರಿದರೆ ಸ್ಟ್ರೋಕ್ ನಾಲ್ಕು ಮಿಲಿಮೀಟರ್ ಏರುತ್ತದೆ. ಪಿಸ್ಟನ್ ಮೇಲೆ ಎರಡು, ಕೆಳಗೆ ಎರಡು ಜಾಸ್ತಿ ಹೋಗುತ್ತದೆ. ಮೇಲೆ ಹೆಡ್ಡಿಗೆ ಬಡಿಯದಿರಲು ಬ್ಲಾಕ್ ಕೆಳಗೆ ಸ್ಪೇಸರ್ ಬೇಕು, ಸ್ಪೇಸರ್ ಹಾಕಿದರೆ ಟೈಮಿಂಗ್ ಚೈನ್ ಉದ್ದ ಸಾಲದು. ಕೆಳಗೆ ಪಿಸ್ಟನ್ ಅಂಚು ಕ್ರ್ಯಾಂಕಿಗೆ ತಾಗುತ್ತದೆಯೇ ಅಂತಲೂ ನೋಡಬೇಕು. ಕ್ರ್ಯಾಂಕ್ ಮತ್ತೆ ಒತ್ತಿ ಕೂರಿಸಿದ ಮೇಲೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನೇರ ಮಾಡಬೇಕು. ಇಲ್ಲಿ ಅಂಥ ಪ್ರೆಸ್ ಕೆಲಸಕ್ಕೆ ಮೈಸೂರು, ಬೆಂಗಳೂರಿನ ಕಡೆ ಮುಖ ಮಾಡಬೇಕು.

ಇಷ್ಟು ಕಷ್ಟಪಟ್ಟು ಸಿಗುವುದೆಷ್ಟು? ಆರ್15ರ ಸ್ಟ್ರೋಕ್ ನಾಲ್ಕು ಮಿಲಿಮೀಟರ್ ಏರಿಸಿದರೆ 160 ಸಿಸಿ. ಹತ್ತೇ ಸಿಸಿ, ಶೇ. 7. ಒಂದು ಹಲ್ಲು ಕಮ್ಮಿ ಮಾಡಿದಾಗ ಸಿಕ್ಕಿದ್ದೂ ಅಷ್ಟೇ. ಪಿಸ್ಟನ್ ವೇಗ ಬೇರೆ ಏರುತ್ತದೆ. 8,500 ಆರ್‌ಪಿಎಂನಲ್ಲಿ ಸಿಬಿಆರ್ 250ಆರ್‌ನ 55ರ ಸ್ಟ್ರೋಕಿಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15.6 ಮೀಟರ್, 300ಆರ್‌ನ 63ಕ್ಕೆ 17.9. ಹಳೆ ಕಾನ್‌ರಾಡ್, ಹಳೆ ಬೇರಿಂಗ್ ಇಟ್ಟುಕೊಂಡು ಆ ವೇಗಕ್ಕೆ ಹೋಗುವ ಧೈರ್ಯ ನನಗಿಲ್ಲ. ಹೇಗೂ ಕಾನ್‌ರಾಡ್ ಸದ್ದು ಬಂದು ಕ್ರ್ಯಾಂಕ್ ಬಿಚ್ಚುವ ಪರಿಸ್ಥಿತಿ ಇದ್ದರೆ, ಗಾಡಿ ರೇಸಿಗೆ ಮಾತ್ರ ಅಂತಿದ್ದರೆ, ಆಗ ಯೋಚಿಸಬಹುದು. ಬೇರೆ ಯಾರಿಗೂ ನಾನು ಇದನ್ನು ಹೇಳುವುದಿಲ್ಲ.

ಆರ್‌ಸಿ ಮತ್ತು ಇನ್ಶೂರೆನ್ಸ್

ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಆಡಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸಿಸಿ ಆರ್‌ಸಿಯಲ್ಲಿ ಬರೆದಿರುವ ವಿವರ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಪೊಲೀಸರು ಬ್ಲಾಕ್ ಬಿಚ್ಚಿ ಬೋರ್ ಅಳೆಯುತ್ತಾರಾ ಅಂತ ನಗಬಹುದು. ಅವರು ಅಳೆಯದಿದ್ದರೂ ಇನ್ಶೂರೆನ್ಸ್ ಕಂಪನಿ ಸುಮ್ಮನಿರಲಿಕ್ಕಿಲ್ಲ. 2022ರ ಜೂನ್‌ನಲ್ಲಿ ಜಾರಿಯಾದ ದರದಲ್ಲಿ 75ರಿಂದ 150 ಸಿಸಿವರೆಗಿನ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, 150 ದಾಟಿ 350ರವರೆಗೆ 1,366. ಆರ್15 149.8 ಸಿಸಿ, ಮೊದಲ ಗುಂಪಿನದು. ಅದೇ 177 ಆದರೆ ಎರಡನೇ ಗುಂಪಿನ ಗಾಡಿ, ಮೊದಲ ಗುಂಪಿನ ಪಾಲಿಸಿ. ಯಾರಿಗಾದರೂ ಪೆಟ್ಟಾಗಿ ಕೇಸ್ ಕೋರ್ಟಿಗೆ ಹೋದಾಗ ಈ ವ್ಯತ್ಯಾಸ ಬೆಳಕಿಗೆ ಬಂದರೆ ತಲೆನೋವು ನಿಮ್ಮದೇ.

ಇನ್ನು ಹದಿನೈದು ವರ್ಷ ತುಂಬಿದ ಗಾಡಿಗೆ ಆರ್‌ಸಿ ನವೀಕರಣ ಇದೆ. ಮಡಿಕೇರಿ ಆರ್‌ಟಿಒದಲ್ಲಿ ಗಾಡಿ ತೋರಿಸಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ತಪಾಸಣೆ) ಮಾಡಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೋಡುತ್ತಾರೆ. ಎಂಜಿನ್ನನ್ನೇ ಬದಲಿಸುವ ದಾರಿ ಸಿಕ್ಕಿಬೀಳುವುದು ಇಲ್ಲೇ. ಪಲ್ಸರ್ 150ಕ್ಕೆ 220ರ ಎಂಜಿನ್ ಕೂರಿಸಿದ ಗಾಡಿಗಳಿವೆ. ಕೆಲಸದ ದೃಷ್ಟಿಯಿಂದ ನೋಡಿದರೆ ದೊಡ್ಡ ಬ್ಲಾಕಿಗಿಂತ ಇದೇ ಗಟ್ಟಿ, ಯಾಕೆಂದರೆ ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವಂತೆ ಕಂಪನಿಯಲ್ಲೇ ಮಾಡಿದವು. ಕಾಗದದ ದೃಷ್ಟಿಯಿಂದ ಇದೇ ಅತಿ ಕಷ್ಟ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಮೊದಲೇ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಸಿಸಿಯೇ ಬೇರೆಯಾದ ಎಂಜಿನ್ನಿಗೆ ಒಪ್ಪಿಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಗುಜರಿಯಲ್ಲಿ ಸಿಕ್ಕ ಎಂಜಿನ್ ಕದ್ದ ಗಾಡಿಯದ್ದಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತಬೇಕು.

ಯಾರಿಗೆ ಯಾವುದು

ದಿನಾ ಓಡಿಸುವ ಗಾಡಿಗೆ ನನ್ನ ಆಯ್ಕೆ ಕಂಪ್ರೆಷನ್ ಸರಿಮಾಡಿಸಿ, ಒಂದು ಹಲ್ಲು ಕಮ್ಮಿ ಮಾಡಿ, ಉಳಿದ ದುಡ್ಡನ್ನು ಬ್ರೇಕಿಗೂ ಟೈರಿಗೂ ಹಾಕುವುದು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನವಕ್ಕೆ ಬಹುಪಾಲು ಎಬಿಎಸ್ ಇಲ್ಲ. ಆಷಾಢದ ಮಳೆಯಲ್ಲಿ, ತೋಟದಿಂದ ಬಂದ ಟ್ರ್ಯಾಕ್ಟರ್ ರಸ್ತೆಗೆ ಕೆಸರು ಮೆತ್ತಿದ ತಿರುವಿನಲ್ಲಿ, ಶೇ. 18 ಜಾಸ್ತಿ ಟಾರ್ಕ್ ಯಾರಿಗೆ ಬೇಕು? ಅಲ್ಲಿ ಬೇಕಾದದ್ದು ಹಿಡಿಯುವ ಬ್ರೇಕ್.

ಆಟೋಕ್ರಾಸ್‌ಗೆ, ಖಾಸಗಿ ಜಾಗದಲ್ಲಿ ಓಡಿಸಲು ಕಟ್ಟುವ ಗಾಡಿಗೆ ದೊಡ್ಡ ಬ್ಲಾಕ್ ಹಾಕಿ, ಬೇಡ ಅನ್ನುವುದಿಲ್ಲ. ಎರಕದ ಕಬ್ಬಿಣದ ಲೈನರ್, ಕಾರ್ಬುರೇಟರ್ ಇರುವ ಗಾಡಿಯನ್ನೇ ಆರಿಸಿ. ಕಟ್ಟುವ ಮೊದಲು ಸ್ಪರ್ಧೆಯ ನಿಯಮ ಓದಿ. ಕ್ಲಾಸ್ ಮಾಡುವುದೇ ಸಿಸಿ ನೋಡಿ. 150ರ ಗಾಡಿಯನ್ನು 177 ಮಾಡಿ ಮೇಲಿನ ಕ್ಲಾಸಿಗೆ ಹೋದರೆ 200 ಸಿಸಿ ಗಾಡಿಗಳ ಜೊತೆ ಸೆಣಸಬೇಕು. ಸುಮ್ನೆ 150ರಲ್ಲೇ ಇದ್ದು ಚೆನ್ನಾಗಿ ಟ್ಯೂನ್ ಮಾಡಿದ್ದರೆ ಕಪ್ ಹತ್ತಿರವಿರುತ್ತಿತ್ತು.

ಇಬ್ಬರು ಕೂತು, ಸಾಮಾನು ಕಟ್ಟಿಕೊಂಡು ಮಾಕುಟ್ಟ ಘಾಟಿಯಲ್ಲಿ ಕಣ್ಣೂರಿಗೆ ಇಳಿದು ಹತ್ತಬೇಕು ಅನ್ನುವವರು 250 ಸಿಸಿಯ ಇನ್ನೊಂದು ಹಳೆ ಗಾಡಿ ನೋಡುವುದೇ ಒಳ್ಳೆಯದು. ದೊಡ್ಡ ಬ್ಲಾಕ್, ರೀಮ್ಯಾಪ್, ಆಯಿಲ್ ಕೂಲರ್, ಲೇತ್ ಕೂಲಿ ಎಲ್ಲ ಕೂಡಿಸಿ ಚೀಟಿಯಲ್ಲಿ ಬರೆಯಿರಿ. ಇರುವ ಗಾಡಿ ಮಾರಿದರೆ ಬರುವ ದುಡ್ಡನ್ನೂ ಅದರ ಕೆಳಗೆ ಬರೆಯಿರಿ. ಎರಡನ್ನೂ ಸೇರಿಸಿದರೆ ಎಷ್ಟೋ ಸಲ ಆ ಗಾಡಿ ಕೈಗೆಟುಕುತ್ತದೆ.

ಬೋರ್ ಮಾಡಿಸುವುದೇ ನಿರ್ಧಾರವಾದರೆ

ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡು ಲೇತಿಗೆ ಹೋಗಿ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಬೇಡಿ. ಪಿಸ್ಟನ್ನಿಗೂ ಬೋರ್‌ಗೂ ನಡುವೆ ಬಿಡಬೇಕಾದ ಸಂದು ಕಿಟ್ಟಿನ ಚೀಟಿಯಲ್ಲಿ ಇರುತ್ತದೆ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಸಂದೂ ಜಾಸ್ತಿ ಬೇಕು. ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನಲ್ಲಿ ತೋರಿಸಲು ಕೇಳಿ. ಬೋರ್ ಗೇಜ್ ಇಲ್ಲದೆ ಬೆರಳಲ್ಲಿ ಸವರಿ "ಸರಿ ಇದೆ" ಅಂದರೆ ಬ್ಲಾಕ್ ಎತ್ತಿಕೊಂಡು ಬನ್ನಿ. ಹೋನಿಂಗ್ ಆದ ಮೇಲೆ ಬೋರನ್ನು ಸೋಪು ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಪೆಟ್ರೋಲಿನಲ್ಲಿ ತೊಳೆದರೆ ಕಲ್ಲಿನ ಪುಡಿ ಪೂರ್ತಿ ಹೋಗುವುದಿಲ್ಲ. ತೊಳೆದ ತಕ್ಷಣ ಎಣ್ಣೆ ಹಚ್ಚಿ. ನಮ್ಮ ಮಳೆಗಾಲದಲ್ಲಿ ಕಬ್ಬಿಣದ ಲೈನರ್ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ರನ್ನಿಂಗ್ ಇನ್ ಮಾಡಲು ಘಾಟಿ ಬೇಡ. ಕುಶಾಲನಗರದಿಂದ ಪಿರಿಯಾಪಟ್ಟಣ, ಹುಣಸೂರು ಕಡೆಯ ಸಮತಟ್ಟಾದ ರಸ್ತೆಗೆ ಹೋಗಿ. ಒಂದೇ ವೇಗದಲ್ಲಿ ಓಡಿಸದೆ ಏರಿಸಿ ಇಳಿಸಿ ಓಡಿಸಿ. ಟಾಪ್ ಗೇರಿನಲ್ಲಿ ಕಮ್ಮಿ ಆರ್‌ಪಿಎಂಗೆ ಇಳಿಸಿ ಎಳೆಸಬೇಡಿ. ಮೊದಲ ಕೆಲವು ನೂರು ಕಿಲೋಮೀಟರಿಗೇ ಆಯಿಲ್ ಬದಲಿಸಿ, ಬಸಿದ ಆಯಿಲಿನಲ್ಲಿ ಲೋಹದ ಚೂರು ಇದೆಯೇ ನೋಡಿ. ದೊಡ್ಡ ಬ್ಲಾಕ್ ಹಾಕಿಸಿದ್ದರೆ ಬಿಚ್ಚಿದ ಹಳೆ ಬ್ಲಾಕು, ಪಿಸ್ಟನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲೆ ಇಡಿ. ಎಫ್‌ಸಿಗೆ ಹೋಗುವ ಮೊದಲು ಅವನ್ನೇ ಮತ್ತೆ ಹಾಕಿಸಬೇಕಾಗುತ್ತದೆ.